ಒಪ್ಪಂದಕ್ಕೂ ಚಕ್ಕುಬಂದಿ ಬೇಕು

ಪ್ರಶ್ನೆ: ಸರ್, ನಾನು ಪಾಂಡವಪುರ ತಾಲ್ಲೂಕಿನವಳು. ಮಂಡ್ಯದಲ್ಲಿ ಬಿ.ಎ. (ಎಚ್‌ಇಪಿ) ಈ ವರ್ಷ ಮುಗಿಯಿತು. ಮೊದಲಿಂದಲೂ ಕನ್ನಡ ಮಾಧ್ಯಮ. ದೇಶದೇಶಗಳ ನಡುವಿನ ರಕ್ಷಣಾ ಒಪ್ಪಂದ, ಸೇನಾಧಿಕಾರಿಗಳ ಮಾತುಕತೆ, ಜಂಟಿ ಸಮರಾಭ್ಯಾಸ ಇವುಗಳ ಬಗ್ಗೆ ಮುಂದೆ ಓದಬೇಕೆಂದು ಆಸೆ. ಕೇಳಿದವರೆಲ್ಲ ‘ಅದು ಮಿಲಿಟರಿಯವರ ವಿಷಯ, ದೆಹಲಿಯವರ ವಿಷಯ’ ಅನ್ನುತ್ತಾರೆ. ಮನೆಯಲ್ಲಿ ಬಿ.ಇಡಿ. ಮಾಡು ಅನ್ನುತ್ತಿದ್ದಾರೆ. ನಾನು ಎಲ್ಲಿಂದ ಶುರು ಮಾಡಲಿ? ಇಂಗ್ಲಿಷ್ ಅಡ್ಡಿಯಾಗುತ್ತದೆಯೇ? ಎಲ್ಲಿ ಸೇರಲಿ, ಕೆಲಸ ಸಿಗುತ್ತದೆಯೇ?

ಉತ್ತರ: ಚಿನಕುರಳಿ ನಿಮಗೆ ದೂರದ ಊರೇನಲ್ಲ. ಅಲ್ಲಿಂದಲೇ ಶುರು ಮಾಡೋಣ.

1771ರ ಮಾರ್ಚ್ ತಿಂಗಳು. ಮೇಲುಕೋಟೆ ಕಡೆಯಿಂದ ಶ್ರೀರಂಗಪಟ್ಟಣಕ್ಕೆ ಹಿಂದೆ ಸರಿಯುತ್ತಿದ್ದ ಹೈದರಾಲಿಯ ಸೈನ್ಯದ ಮೇಲೆ ತ್ರಿಂಬಕರಾವ್ ಪೇಠೆಯ ಮರಾಠಾ ಪಡೆ ಎರಗಿತು. ಚಿನಕುರಳಿ, ತೊಣ್ಣೂರು ಕೆರೆಯ ಸುತ್ತಮುತ್ತ ಹೈದರನ ಸೈನ್ಯ ದಿಕ್ಕಾಪಾಲಾಯಿತು. ಅವನು ಹೇಗೋ ಜೀವ ಉಳಿಸಿಕೊಂಡು ಪಟ್ಟಣದ ಕೋಟೆ ಸೇರಿದ. ಯುದ್ಧದ ಕತೆ ಇಷ್ಟು. ನೀವು ಓದಬೇಕೆಂದಿರುವ ವಿಷಯ ಅಡಗಿರುವುದು ಇದಕ್ಕೆ ಎರಡು ವರ್ಷ ಮೊದಲು ಮದ್ರಾಸಿನಲ್ಲಿ ಬರೆದ ಒಂದು ಕಾಗದದಲ್ಲಿ.

1769ರಲ್ಲಿ ಹೈದರ್ ಮದ್ರಾಸಿನ ಬಾಗಿಲ ತನಕ ಸೈನ್ಯ ನುಗ್ಗಿಸಿ, ಈಸ್ಟ್ ಇಂಡಿಯಾ ಕಂಪನಿಯಿಂದ ಒಪ್ಪಂದ ಬರೆಸಿಕೊಂಡಿದ್ದ. ಅದರ ಎರಡನೇ ಕಲಮಿನ ಸಾರ ಇದು: ಇಬ್ಬರಲ್ಲಿ ಯಾರ ಮೇಲೆ ಶತ್ರು ಬಂದರೂ ಇನ್ನೊಬ್ಬರು ನೆರವಿಗೆ ಬಂದು ಶತ್ರುವನ್ನು ಹೊರಗಟ್ಟತಕ್ಕದ್ದು. ನೆರವಿಗೆ ಬರುವ ಸೋಲ್ಜರಿಗೂ ಕುದುರೆ ಸವಾರನಿಗೂ ತಿಂಗಳಿಗೆ 15 ರೂಪಾಯಿ, ಸಿಪಾಯಿಗೆ ಏಳೂವರೆ ರೂಪಾಯಿ. ಸಂಬಳದ ತನಕ ಬರೆದಿದ್ದಾರೆ ನೋಡಿ. ಆದರೆ ಎಷ್ಟು ಜನ ಬರಬೇಕು, ಎಷ್ಟು ದಿನದೊಳಗೆ ಬರಬೇಕು, ಯುದ್ಧ ಮೊದಲು ತೆಗೆದವರು ಯಾರೆಂದು ತೀರ್ಮಾನಿಸುವುದು ಯಾರು, ಇದು ಯಾವುದೂ ಆ ಕಲಮಿನಲ್ಲಿಲ್ಲ. ಮರಾಠರು ಬಂದಾಗ ಹೈದರ್ ಮೇಲಿಂದ ಮೇಲೆ ಹೇಳಿಕಳಿಸಿದ. ಮದ್ರಾಸಿನ ಕೌನ್ಸಿಲ್ ಆಗಲಿ ಎನ್ನಲಿಲ್ಲ, ಆಗದು ಎಂದೂ ಹೇಳಲಿಲ್ಲ, ದಿನ ದೂಡಿತು. ಆರ್ಕಾಟಿನ ನವಾಬ ಮರಾಠರ ಜೊತೆ ಹೋಗುವುದೇ ಲೇಸೆಂದು ಕಿವಿಯೂದುತ್ತಿದ್ದ. ಕೊನೆಗೂ ಯಾರೂ ಬರಲಿಲ್ಲ. ಹೈದರ್ ಅದನ್ನು ಮರೆಯಲಿಲ್ಲ. 1780ರಲ್ಲಿ ಅವನು ಆರ್ಕಾಟಿನ ನವಾಬನ ಸೀಮೆಯಾದ ಕರ್ನಾಟಿಕ್ ಮೇಲೆ ದಂಡೆತ್ತಿ ಇಳಿದದ್ದಕ್ಕೆ ಕಾರಣಗಳು ಹಲವಿದ್ದರೂ ಈ ಗಾಯ ಅದರಲ್ಲಿತ್ತು.

ರಕ್ಷಣಾ ರಾಜತಾಂತ್ರಿಕತೆಯ ಓದು ಎಂದರೆ ನನ್ನ ಮಟ್ಟಿಗೆ ಇದೇ. ಏನು ಬರೆದರು, ಏನನ್ನು ಬರೆಯದೆ ಬಿಟ್ಟರು, ಬೇಕಾದ ದಿನ ಬಂದಾಗ ಏನು ನಡೆಯಿತು. ಈ ಮೂರನ್ನೂ ಒಟ್ಟಿಗೆ ಹಿಡಿದು ಓದುವುದು ಬಂದರೆ ಉಳಿದ ಸಿದ್ಧಾಂತಗಳು ತಾವಾಗಿ ಜಾಗ ಕಂಡುಕೊಳ್ಳುತ್ತವೆ. ಸಿದ್ಧಾಂತದಿಂದ ಶುರು ಮಾಡಿದ ಎಷ್ಟೋ ವಿದ್ಯಾರ್ಥಿಗಳು ಒಂದು ಒಪ್ಪಂದವನ್ನೂ ಪೂರ್ತಿ ಓದದೆ ಎಂ.ಎ. ಮುಗಿಸಿದ್ದನ್ನು ಕಂಡು ನೊಂದುಕೊಂಡಿದ್ದೇನೆ.

ಈ ಓದಿಗೆ ನಿಮ್ಮ ಮನೆಯಲ್ಲೇ ಒಂದು ತರಬೇತಿ ಆಗಿರುತ್ತದೆ. ಜಮೀನಿನ ಕ್ರಯಪತ್ರ ತೆಗೆದು ನೋಡಿ. ಪೂರ್ವಕ್ಕೆ ಯಾರ ಜಮೀನು, ಪಶ್ಚಿಮಕ್ಕೆ ಯಾವ ನಾಲೆ, ಉತ್ತರಕ್ಕೆ ಯಾವ ಓಣಿ ಎಂದು ಚಕ್ಕುಬಂದಿ ಬರೆದಿರುತ್ತಾರೆ. ಅದರಲ್ಲಿ ಒಂದು ದಿಕ್ಕು ತಪ್ಪಿದರೆ ಮುಂದಿನ ತಲೆಮಾರು ಕೋರ್ಟಿಗೆ ಅಲೆಯಬೇಕಾಗುತ್ತದೆಂದು ನಮ್ಮ ರೈತರಿಗೆ ಯಾರೂ ಹೇಳಿಕೊಡಬೇಕಿಲ್ಲ. ಮೈಸೂರು, ಮದ್ರಾಸುಗಳ ನಡುವಿನ 1924ರ ಕಾವೇರಿ ಒಪ್ಪಂದವನ್ನು ತೆಗೆದುಕೊಳ್ಳಿ. ಐವತ್ತು ವರ್ಷದ ನಂತರ ಮರುಪರಿಶೀಲನೆ ಎಂದು ಅದರಲ್ಲಿದ್ದ ಮಾತಿನ ಅರ್ಥವೇನೆಂಬುದರ ಮೇಲೆ 1974ರಿಂದ ಎಷ್ಟು ವಾದ ನಡೆಯಿತು! ಅದು ಎರಡು ದೇಶಗಳ ಒಪ್ಪಂದವಲ್ಲ, ನಿಜ. ಆದರೆ ಕಾಗದದ ಮೇಲಿನ ಒಂದು ವಾಕ್ಯ ಗದ್ದೆಯ ನೀರನ್ನು ತೀರ್ಮಾನಿಸುತ್ತದೆ ಎನ್ನುವುದನ್ನು ಮಂಡ್ಯದವರು ಬಾಳಿ ಕಲಿತಿದ್ದಾರೆ. ಆ ಅರಿವು ಈ ವಿಷಯಕ್ಕೆ ದೊಡ್ಡ ಬಂಡವಾಳ.

ಈಗ ಮದ್ರಾಸಿನ ಆ ಕಲಮಿನ ಪಕ್ಕ ಇನ್ನೆರಡನ್ನು ಇಟ್ಟು ನೋಡಿ. 1949ರ ನ್ಯಾಟೋ ಒಪ್ಪಂದದ 5ನೇ ವಿಧಿ: ಒಬ್ಬರ ಮೇಲಿನ ಸಶಸ್ತ್ರ ದಾಳಿ ಎಲ್ಲರ ಮೇಲಿನ ದಾಳಿ. ಇದನ್ನು ಎಲ್ಲರೂ ಹೇಳುತ್ತಾರೆ. ಅದೇ ವಿಧಿ ಮುಂದುವರಿದು, ಪ್ರತಿ ಸದಸ್ಯ ದೇಶ ‘ತನಗೆ ಅಗತ್ಯವೆಂದು ಕಂಡ ಕ್ರಮ’ ಕೈಗೊಳ್ಳುತ್ತದೆ ಎನ್ನುತ್ತದೆ, ಸೇನೆಯ ಬಳಕೆ ಆ ಕ್ರಮಗಳಲ್ಲಿ ಒಂದು ಮಾತ್ರ. ಈ ಭಾಗವನ್ನು ಓದಿದವರು ಕಡಿಮೆ. ಇನ್ನು 1971ರ ಆಗಸ್ಟ್ 9ರಂದು ಭಾರತ ಮತ್ತು ಸೋವಿಯತ್ ಒಕ್ಕೂಟ ಸಹಿ ಹಾಕಿದ ಒಪ್ಪಂದದ 9ನೇ ವಿಧಿ. ಯಾರ ಮೇಲಾದರೂ ದಾಳಿಯಾದರೆ ಅಥವಾ ದಾಳಿಯ ಬೆದರಿಕೆ ಬಂದರೆ ಇಬ್ಬರೂ ಕೂಡಲೇ ಸಮಾಲೋಚನೆ ನಡೆಸಿ, ಬೆದರಿಕೆ ನಿವಾರಿಸಲು ತಕ್ಕ ಪರಿಣಾಮಕಾರಿ ಕ್ರಮ ಕೈಗೊಳ್ಳತಕ್ಕದ್ದು. ಸೈನ್ಯ ಕಳಿಸುತ್ತೇವೆ ಎಂಬ ಮಾತು ಇಲ್ಲವೇ ಇಲ್ಲ. ಆದರೂ ಡಿಸೆಂಬರ್‌ನಲ್ಲಿ ಪಾಕಿಸ್ತಾನದ ಜೊತೆ ನಡೆದ ಯುದ್ಧದ ಹೊತ್ತಿಗೆ ಆ ಒಪ್ಪಂದ ಭಾರತಕ್ಕೆ ಬಲವಾಗಿ ನಿಂತಿತು. ಸಂಬಳ ನಿಗದಿ ಮಾಡಿದ್ದ ಗಟ್ಟಿ ಮಾತು ಕೈಕೊಟ್ಟಿತು, ಸಮಾಲೋಚನೆ ಎಂಬ ಮೆತ್ತಗಿನ ಮಾತು ಕೈಹಿಡಿಯಿತು. ಏಕೆ? ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದರೆ ಒಂದು ವರ್ಷದ ಓದು ನಿಮಗೆ ಸಿಕ್ಕಂತೆ. ಮಾತಿನ ಹಿಂದಿನ ಹಿತಾಸಕ್ತಿ, ಆ ವರ್ಷದ ಚೀನಾ, ಅಮೆರಿಕಗಳ ನಂಟು, ಗಡಿ ದಾಟಿ ಬರುತ್ತಿದ್ದ ನಿರಾಶ್ರಿತರು, ಎಲ್ಲವೂ ಅದರೊಳಗೆ ಬರುತ್ತವೆ.

ಇನ್ನೊಂದು ಒಪ್ಪಂದದ ಮುಂದೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ. ಏಕೆಂದರೆ ಇಷ್ಟು ವರ್ಷ ಪಾಠ ಹೇಳಿದ ನನಗೆ ಅದನ್ನು ಸರಿಯಾಗಿ ಓದಿಸಿದವನು ಒಬ್ಬ ವಿದ್ಯಾರ್ಥಿ.

2020ರ ಜೂನ್. ಕಾಲೇಜುಗಳಿಗೆ ಬೀಗ, ಪಾಠವೆಲ್ಲ ಫೋನಿನಲ್ಲೇ. ಜೂನ್ 15ರ ರಾತ್ರಿ ಲಡಾಖ್‌ನ ಗಾಲ್ವಾನ್ ಕಣಿವೆಯಲ್ಲಿ, ಚೀನೀ ಸೈನಿಕರ ಜೊತೆ ಕಲ್ಲು, ದೊಣ್ಣೆಗಳಲ್ಲಿ ನಡೆದ ಹೊಡೆದಾಟದಲ್ಲಿ ನಮ್ಮ 20 ಯೋಧರು ಹತರಾದರು. ಆ ವಾರದ ತರಗತಿಯಲ್ಲಿ, ಅಣ್ಣ ಸೇನೆಯಲ್ಲಿದ್ದ ಕೆ.ಆರ್. ಪೇಟೆ ಕಡೆಯ ಹುಡುಗನೊಬ್ಬ, ‘ಸರ್, ಕೈಲಿ ಗನ್ ಇಟ್ಕೊಂಡು ಯಾಕೆ ಹೊಡೀಲಿಲ್ಲ?’ ಎಂದು ಕೇಳಿದ. ದನಿ ನಡುಗುತ್ತಿತ್ತು. ನಾನು 1996ರ ನವೆಂಬರ್ 29ರ ಭಾರತ–ಚೀನಾ ಒಪ್ಪಂದ ತೆಗೆದು 6ನೇ ವಿಧಿ ಓದಿದೆ. ಎರಡೂ ದೇಶಗಳ ಹಿಡಿತದ ನೆಲವನ್ನು ಬೇರ್ಪಡಿಸುವ ವಾಸ್ತವ ನಿಯಂತ್ರಣ ರೇಖೆಯಿಂದ ಎರಡು ಕಿಲೋಮೀಟರ್ ಒಳಗೆ ಯಾರೂ ಗುಂಡು ಹಾರಿಸುವಂತಿಲ್ಲ, ಸ್ಫೋಟ ನಡೆಸುವಂತಿಲ್ಲ, ಬಂದೂಕು ಹಿಡಿದು ಬೇಟೆ ಆಡುವಂತೆಯೂ ಇಲ್ಲ. ಎರಡೂ ಕಡೆಯವರು ಎದುರುಬದುರಾದರೆ ಸಂಯಮ ಪಾಲಿಸತಕ್ಕದ್ದು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಅದೇ ಹುಡುಗ ಮತ್ತೆ ಕೇಳಿದ: ‘ಎರಡು ಕಿಲೋಮೀಟ್ರು ಎಲ್ಲಿಂದ ಅಳೀಬೇಕು ಸರ್?’

ಪುಸ್ತಕಗಳಲ್ಲಿ ಇಪ್ಪತ್ತು ಪುಟ ತೆಗೆದುಕೊಳ್ಳುವ ಮಾತನ್ನು ಅವನು ಒಂದೇ ಪ್ರಶ್ನೆಯಲ್ಲಿ ಕೇಳಿದ್ದ. ಆ ರೇಖೆಗೆ ಇಬ್ಬರೂ ಒಪ್ಪಿದ ಚಕ್ಕುಬಂದಿ ಇಲ್ಲ. ಒಪ್ಪಂದ ಮಾಡಿದವರಿಗೂ ಇದು ಗೊತ್ತಿತ್ತು. ಅದರ 10ನೇ ವಿಧಿಯಲ್ಲೇ, ಕೆಲವು ಅಂಶಗಳು ಪೂರ್ತಿ ಜಾರಿಯಾಗಬೇಕಾದರೆ ರೇಖೆ ಎಲ್ಲಿದೆ ಎಂಬುದರ ಬಗ್ಗೆ ಇಬ್ಬರಿಗೂ ಸಮಾನ ತಿಳಿವಳಿಕೆ ಬೇಕು, ಅದಕ್ಕಾಗಿ ನಕ್ಷೆ ವಿನಿಮಯ ಮಾಡಿಕೊಳ್ಳೋಣ ಎಂದಿದೆ. 2000ದಲ್ಲಿ ಮಧ್ಯ ವಲಯದ ನಕ್ಷೆ ಮಾತ್ರ ವಿನಿಮಯವಾಯಿತು. ಲಡಾಖ್ ಇರುವ ಪಶ್ಚಿಮ ವಲಯದ ನಕ್ಷೆ ಆಗಲಿಲ್ಲ. ಹಾಗಾದರೆ ಈ 1996ರ ಒಪ್ಪಂದ, ಅದೇ ಗಡಿಯ ಬಗ್ಗೆ ಮೊದಲು ಆಗಿದ್ದ 1993ರ ಒಪ್ಪಂದ, ಎರಡೂ ದಂಡವೇ? ನಾನು ಹಾಗೆನ್ನುವುದಿಲ್ಲ. 1975ರ ನಂತರ ಆ ಗಡಿಯಲ್ಲಿ 45 ವರ್ಷ ಗುಂಡಿನ ಸದ್ದಿರಲಿಲ್ಲ. ಗುಂಡು ಹಾರದಂತೆ ನೋಡಿಕೊಂಡ ಒಪ್ಪಂದ ಕಲ್ಲು, ದೊಣ್ಣೆಗಳನ್ನು ಎಣಿಕೆಗೆ ತಂದುಕೊಂಡಿರಲಿಲ್ಲ. ಅದರ ಸಾಧನೆಯನ್ನೂ ಕೊರತೆಯನ್ನೂ ಒಟ್ಟಿಗೆ ಹೇಳಬಲ್ಲವರು ಈ ಕ್ಷೇತ್ರಕ್ಕೆ ಬೇಕು. ಟಿವಿ ಚರ್ಚೆಯಲ್ಲಿ ಒಂದು ಪಕ್ಕ ಹಿಡಿದು ಕೂಗುವುದು ಸುಲಭ, ಅದಕ್ಕೆ ಓದು ಬೇಕಿಲ್ಲ.

ಮಾತು ಕೊಟ್ಟವರು ನಡೆದುಕೊಳ್ಳುತ್ತಾರೆಂಬ ಖಾತ್ರಿ ಏನು ಎನ್ನುವುದು ಇನ್ನೊಂದು ದೊಡ್ಡ ಅಧ್ಯಾಯ. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟು, 3 ಕೋಟಿ 30 ಲಕ್ಷ ರೂಪಾಯಿ ಕಟ್ಟಬೇಕಾಯಿತು. ಕಂತು ಮುಗಿಯುವ ತನಕ ಇಬ್ಬರು ಗಂಡುಮಕ್ಕಳು ಕಂಪನಿಯ ಗವರ್ನರ್ ಜನರಲ್ ಕಾರ್ನ್‌ವಾಲಿಸನ ಬಳಿ ಒತ್ತೆ. ಒಬ್ಬನಿಗೆ ಎಂಟು, ಇನ್ನೊಬ್ಬನಿಗೆ ಐದು ವರ್ಷದ ಆಸುಪಾಸು. ಅವರು ಮರಳಿದ್ದು 1794ರಲ್ಲಿ. ಆ ಮಕ್ಕಳು ಹೊರಟ ಕೋಟೆ ನಿಮ್ಮ ಪಕ್ಕದ ತಾಲ್ಲೂಕಿನಲ್ಲಿದೆ, ಮುಂದಿನ ಸಲ ಹೋದಾಗ ಇದನ್ನು ನೆನೆಯಿರಿ. ಇಂದು ಖಾತ್ರಿಯ ರೂಪ ಬೇರೆ. ಭಾರತ, ಪಾಕಿಸ್ತಾನಗಳು 1988ರ ಡಿಸೆಂಬರ್ 31ರಂದು, ಪರಸ್ಪರರ ಅಣು ಸ್ಥಾವರಗಳ ಮೇಲೆ ದಾಳಿ ಮಾಡುವುದಿಲ್ಲವೆಂದು ಸಹಿ ಹಾಕಿದವು. ಅದರಂತೆ 1992ರಿಂದ ಪ್ರತಿ ಜನವರಿ 1ರಂದು ಎರಡೂ ದೇಶಗಳು ತಮ್ಮ ಸ್ಥಾವರಗಳ ಪಟ್ಟಿಯನ್ನು ಕೈಬದಲಿಸಿಕೊಳ್ಳುತ್ತ ಬಂದಿವೆ. ಕಾರ್ಗಿಲ್ ಯುದ್ಧದ ನಂತರವೂ, ಮಾತುಕತೆ ಪೂರ್ತಿ ನಿಂತುಹೋದ ವರ್ಷಗಳಲ್ಲೂ ಇದು ತಪ್ಪಲಿಲ್ಲ. ಪತ್ರಿಕೆಯಲ್ಲಿ ಒಳಪುಟದ ಸಣ್ಣ ಸುದ್ದಿಯಾಗಿ ಬರುತ್ತದೆ. ನನಗದು ವರ್ಷದ ಮೊದಲ ದೊಡ್ಡ ಸುದ್ದಿ.

‘ಮಿಲಿಟರಿಯವರ ವಿಷಯ’ ಎನ್ನುವವರಿಗೆ ಅರ್ಧ ಉತ್ತರ ನಮ್ಮ ಪಕ್ಕದ ಕೊಡಗಿನಲ್ಲಿದೆ. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರು ಸೇನೆಯಿಂದ ನಿವೃತ್ತರಾದ ಮೇಲೆ 1953ರಿಂದ 1956ರವರೆಗೆ ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಿಗೆ ನಮ್ಮ ಹೈಕಮಿಷನರ್ ಆಗಿದ್ದರು. ಜನರಲ್ ತಿಮ್ಮಯ್ಯನವರ ಕೆಲಸ ಇನ್ನೂ ಸೂಕ್ಷ್ಮದ್ದು. ಕೊರಿಯಾ ಯುದ್ಧ ನಿಂತ ಮೇಲೆ, ಊರಿಗೆ ಮರಳಲು ಒಲ್ಲೆವೆಂದ ಸುಮಾರು 22,600 ಚೀನೀ ಮತ್ತು ಉತ್ತರ ಕೊರಿಯಾದ ಕೈದಿಗಳನ್ನು ಏನು ಮಾಡುವುದು ಎಂಬುದನ್ನು ಬಿಡಿಸಲು ಐದು ದೇಶಗಳ ಆಯೋಗವಾಯಿತು, ಅದರ ಅಧ್ಯಕ್ಷರು ಅವರು. ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ, ಭಾರತದ ಸೈನಿಕರು ತಮ್ಮ ನೆಲಕ್ಕೆ ಕಾಲಿಡಕೂಡದೆಂದು ಹಟ ಹಿಡಿದಾಗ, ನಮ್ಮವರನ್ನು ಹಡಗಿನಿಂದ ಹೆಲಿಕಾಪ್ಟರಿನಲ್ಲಿ ಎತ್ತಿ ನೇರವಾಗಿ ಸೇನಾಮುಕ್ತ ವಲಯದಲ್ಲಿ ಇಳಿಸಬೇಕಾಯಿತು. ಅಲ್ಲಿ ಒಬ್ಬೊಬ್ಬ ಕೈದಿಯನ್ನೂ ಕೂರಿಸಿ, ಎರಡೂ ಕಡೆಯವರ ಎದುರು, ನಿನ್ನ ಮನಸ್ಸೇನು ಎಂದು ಕೇಳುವ ಏರ್ಪಾಡು. ಎಂಬತ್ತಕ್ಕೂ ಹೆಚ್ಚು ಮಂದಿ ಎರಡು ಕಡೆಯೂ ಬೇಡವೆಂದು ಕೊನೆಗೆ ಭಾರತಕ್ಕೆ ಬಂದರು. ತಿಮ್ಮಯ್ಯನವರು ಮುಂದೆ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ಮುಖ್ಯಸ್ಥರಾಗಿದ್ದಾಗಲೇ, 1965ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಇವರಿಬ್ಬರೂ ಸೈನಿಕರೇ. ಆದರೆ ಅವರು ಮಾಡಿದ್ದು ಏನು, ಅದಕ್ಕೆ ದೇಶ ಪಡೆದುಕೊಂಡದ್ದು ಏನು ಎಂದು ಕೂತು ಅಳೆದು ಬರೆಯುವ ಕೆಲಸ ಓದಿದವರದ್ದು, ಅದಕ್ಕೆ ಸಮವಸ್ತ್ರ ಬೇಕಿಲ್ಲ.

ರಾಯಭಾರ ಕಚೇರಿಯಲ್ಲಿ ಕೂರುವ ಸೇನಾಧಿಕಾರಿಯನ್ನು ಡಿಫೆನ್ಸ್ ಅಟ್ಯಾಶೆ ಎನ್ನುತ್ತಾರೆ. ರಾಜತಾಂತ್ರಿಕ ಸಂಬಂಧಗಳ ಬಗೆಗಿನ 1961ರ ವಿಯೆನ್ನಾ ಒಪ್ಪಂದದ 7ನೇ ವಿಧಿಯ ಪ್ರಕಾರ, ಉಳಿದ ಸಿಬ್ಬಂದಿಯನ್ನು ಕಳಿಸುವ ದೇಶವೇ ಆರಿಸಬಹುದು, ಸೇನಾ ಅಟ್ಯಾಶೆಯ ಹೆಸರನ್ನು ಮಾತ್ರ ಮೊದಲೇ ತಿಳಿಸಿ ಒಪ್ಪಿಗೆ ಪಡೆಯಿರೆಂದು ಆತಿಥೇಯ ದೇಶ ಕೇಳಬಹುದು. ನೇಪಾಳದ ಸೇನಾ ಮುಖ್ಯಸ್ಥರಿಗೆ ಭಾರತದ ಸೇನೆಯ ಗೌರವ ಜನರಲ್ ಪದವಿ, ನಮ್ಮ ಸೇನಾ ಮುಖ್ಯಸ್ಥರಿಗೆ ನೇಪಾಳದ್ದು. 1950ರಿಂದ ಬಂದ ಪದ್ಧತಿ. 2015–16ರಲ್ಲಿ ಎರಡು ಸರ್ಕಾರಗಳ ಮಾತು ಕಹಿಯಾದಾಗಲೂ ಸೇನೆಗಳ ಈ ನಂಟು ಕಡಿಯಲಿಲ್ಲ. ಮೈಸೂರು ಲ್ಯಾನ್ಸರ್ಸ್ ಸವಾರರು 1918ರ ಸೆಪ್ಟೆಂಬರ್ 23ರಂದು ಜೋಧಪುರದವರ ಜೊತೆ ಈಗ ಇಸ್ರೇಲಿನಲ್ಲಿರುವ ಹೈಫಾ ಪಟ್ಟಣ ಗೆದ್ದದ್ದನ್ನು ಶಾಲೆಯಲ್ಲಿ ಕೇಳಿರಬಹುದು. ನೂರು ವರ್ಷ ತುಂಬುವ ಹೊತ್ತಿಗೆ, 2018ರ ಜನವರಿಯಲ್ಲಿ, ಇಸ್ರೇಲಿನ ಪ್ರಧಾನಿ ದೆಹಲಿಗೆ ಬಂದಾಗ ತೀನ್ ಮೂರ್ತಿ ಚೌಕಕ್ಕೆ ಹೈಫಾ ಹೆಸರು ಸೇರಿತು. ಹಳೆಯ ಯುದ್ಧದ ನೆನಪು ಹೊಸ ರಾಜತಾಂತ್ರಿಕತೆಗೆ ಹೇಗೆ ಒದಗುತ್ತದೆ ಎಂಬುದೇ ಒಂದು ಒಳ್ಳೆಯ ಪ್ರಬಂಧದ ವಿಷಯ. ಜಂಟಿ ಸಮರಾಭ್ಯಾಸ, ಶಸ್ತ್ರಾಸ್ತ್ರ ಮಾರಾಟಗಳ ಬಗ್ಗೆ ಬೇಕಾದಷ್ಟು ಬರಹ ಸಿಗುವುದರಿಂದ ಇಲ್ಲಿ ಹೇಳಲು ಹೋಗುವುದಿಲ್ಲ.

‘ದೆಹಲಿಯವರ ವಿಷಯ’ ಎಂದವರಿಗೆ ಇದನ್ನು ಹೇಳಿ. ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ ಪ್ರತಿ ಬೆಳಕಿಗೆ ಬಂದದ್ದು ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ. ಆರ್. ಶಾಮಾಶಾಸ್ತ್ರಿಗಳು 1905ರಲ್ಲಿ ಅದನ್ನು ಗುರುತಿಸಿದರು, 1909ರಲ್ಲಿ ಅಚ್ಚು ಹಾಕಿಸಿದರು, 1915ರಲ್ಲಿ ಇಂಗ್ಲಿಷಿಗೆ ತಂದರು. ಅದರ ಏಳನೇ ಅಧಿಕರಣದಲ್ಲಿ ಸಂಧಿ (ಒಪ್ಪಂದ), ವಿಗ್ರಹ (ಯುದ್ಧ), ಆಸನ (ಸುಮ್ಮನಿದ್ದು ಕಾಯುವುದು), ಯಾನ (ದಂಡೆತ್ತಿ ಹೊರಡುವುದು), ಸಂಶ್ರಯ (ಬಲವಂತರ ಆಸರೆ), ದ್ವೈಧೀಭಾವ ಎಂಬ ಆರು ಗುಣಗಳು, ಎಂದರೆ ರಾಜನೀತಿಯ ಆರು ದಾರಿಗಳಿವೆ. ಒಬ್ಬರೊಡನೆ ಸಂಧಿ ಮಾಡಿಕೊಂಡು ಇನ್ನೊಬ್ಬರೊಡನೆ ಕಾದುವುದು ದ್ವೈಧೀಭಾವ. ಒತ್ತೆ ಇಡುವುದರ ಬಗ್ಗೆ, ಒತ್ತೆ ಇಟ್ಟವರನ್ನು ಬಿಡಿಸಿಕೊಳ್ಳುವುದರ ಬಗ್ಗೆ ಕೂಡ ಅಲ್ಲಿ ವಿಚಾರವಿದೆ. 1792ನ್ನು ಓದಿದ ಮೇಲೆ ಅದನ್ನು ಓದಿ, ಮೈ ಜುಮ್ಮೆನ್ನುತ್ತದೆ.

ಇಂಗ್ಲಿಷ್ ವಿಷಯಕ್ಕೆ ಬರೋಣ. ಸುಳ್ಳು ಸಮಾಧಾನ ಹೇಳಲಾರೆ, ಇಂಗ್ಲಿಷ್ ಬೇಕೇ ಬೇಕು. ನಾನು ಹೇಳಿದ 1996ರ ಒಪ್ಪಂದ ಹಿಂದಿ, ಚೀನೀ, ಇಂಗ್ಲಿಷ್ ಮೂರರಲ್ಲೂ ಇದೆ. ಅರ್ಥದಲ್ಲಿ ವ್ಯತ್ಯಾಸ ಬಂದರೆ ಇಂಗ್ಲಿಷ್ ಪಠ್ಯವೇ ಅಂತಿಮವೆಂದು ಅದರ ಕೊನೆಯಲ್ಲಿ ಬರೆದಿದೆ. ಆದರೆ ಬೇಕಾಗಿರುವುದು ಪಟಪಟನೆ ಮಾತಾಡುವ ಇಂಗ್ಲಿಷ್ ಅಲ್ಲ. ‘ಶಲ್’ ಬಂದರೆ ‘ತಕ್ಕದ್ದು’, ‘ಮೇ’ ಬಂದರೆ ‘ಬಹುದು’. ಈ ಎರಡರ ನಡುವಿನ ಅಂತರ ಹಿಡಿಯುವಷ್ಟು ನಿಧಾನವಾಗಿ ಓದುವ ಇಂಗ್ಲಿಷ್ ಬೇಕು, ಅದು ಅಭ್ಯಾಸದಿಂದ ಬರುತ್ತದೆ. ನಾನು ಸಂಶೋಧನೆ ಶುರು ಮಾಡಿದ ಹೊಸತರಲ್ಲಿ, ಪತ್ರಿಕೆಯಲ್ಲಿ ಬಂದ ಸಾರಾಂಶ ನಂಬಿ ‘ಮೇ’ ಇದ್ದಲ್ಲಿ ‘ಶಲ್’ ಎಂದು ಒಂದು ಅಧ್ಯಾಯ ಪೂರ್ತಿ ಕಟ್ಟಿದ್ದೆ. ಗುರುಗಳು ಮೂಲ ತಂದು ಮುಂದಿಟ್ಟರು. ನಲವತ್ತು ಪುಟ ಹರಿದು ಹಾಕಿದೆ. ಅಂದಿನಿಂದ ಮೂಲ ನೋಡದೆ ಒಂದು ಸಾಲನ್ನೂ ಬರೆದಿಲ್ಲ.

ಮೂಲ ಸಿಗುವುದು ಈಗ ಕಷ್ಟವೇನಲ್ಲ. ವಿದೇಶಾಂಗ ಸಚಿವಾಲಯದ ಜಾಲತಾಣದಲ್ಲಿ ಭಾರತದ ಒಪ್ಪಂದಗಳ ಭಂಡಾರವಿದೆ. ವಿಶ್ವಸಂಸ್ಥೆಯ ಸನ್ನದಿನ 102ನೇ ವಿಧಿಯಂತೆ ಸದಸ್ಯ ದೇಶಗಳು ನೋಂದಾಯಿಸಿದ ಒಪ್ಪಂದಗಳು ಅದರ ಜಾಲತಾಣದಲ್ಲಿವೆ. ಸಂಸತ್ತಿನಲ್ಲಿ ಕೇಳಿದ ಪ್ರಶ್ನೆ ಮತ್ತು ಮಂತ್ರಿಗಳ ಉತ್ತರ, ರಕ್ಷಣಾ ಸ್ಥಾಯಿ ಸಮಿತಿಯ ವರದಿ, ಇವು ಚಿನ್ನದ ಗಣಿ, ಬಳಸುವವರು ಕಡಿಮೆ. ಶಸ್ತ್ರಾಸ್ತ್ರ ಯಾರಿಂದ ಯಾರಿಗೆ ಹೋಯಿತೆಂದು ತಿಳಿಯಲು ಸ್ಟಾಕ್‌ಹೋಮಿನ ಸಿಪ್ರಿ ಸಂಸ್ಥೆಯ ಮಾಹಿತಿ ಉಚಿತ. ಒಂದು ನೋಟ್‌ಬುಕ್ ಮಾಡಿ. ಎಡಪುಟದಲ್ಲಿ ಕಲಮಿನ ಕನ್ನಡ ಅನುವಾದ ನೀವೇ ಬರೆಯಿರಿ, ಬಲಪುಟದಲ್ಲಿ ಆಮೇಲೆ ನಡೆದದ್ದನ್ನು ತಾರೀಖು ಸಮೇತ. ಕನ್ನಡಕ್ಕೆ ತರಲು ಹೊರಟರೆ ಅರ್ಥವಾಗದ ಪದ ಯಾವುದೆಂದು ಕೂಡಲೇ ತಿಳಿಯುತ್ತದೆ.

ಸೇರುವುದು ಎಲ್ಲಿ? ಮಾನಸಗಂಗೋತ್ರಿಯಲ್ಲಿ ರಾಜ್ಯಶಾಸ್ತ್ರ ಎಂ.ಎ. ಮಾಡಿ ಬುನಾದಿ ಭದ್ರ ಮಾಡಿಕೊಳ್ಳಬಹುದು. ದುಡಿಯುತ್ತ ಓದಬೇಕಾದರೆ ಮುಕ್ತ ವಿಶ್ವವಿದ್ಯಾಲಯ ಇದೆ. ಇದೇ ವಿಷಯದ ಎಂ.ಎ. ಬೇಕೆಂದರೆ ಮದ್ರಾಸ್ ಮತ್ತು ಪುಣೆ ವಿಶ್ವವಿದ್ಯಾಲಯಗಳಲ್ಲಿ ರಕ್ಷಣಾ ಮತ್ತು ವ್ಯೂಹಾತ್ಮಕ ಅಧ್ಯಯನದ ವಿಭಾಗಗಳಿವೆ. ಮಣಿಪಾಲದಲ್ಲಿ ಭೂರಾಜಕೀಯ ವಿಭಾಗವಿದೆ, ಶುಲ್ಕ ಮೊದಲು ವಿಚಾರಿಸಿ. ದೆಹಲಿಯ ಜೆಎನ್‌ಯುನ ಅಂತರರಾಷ್ಟ್ರೀಯ ಅಧ್ಯಯನ ಕೇಂದ್ರಕ್ಕೆ ಸಿಯುಇಟಿ ಎಂಬ ಪ್ರವೇಶ ಪರೀಕ್ಷೆ ಬರೆಯಬೇಕು. ಸಾಧ್ಯವಾದರೆ ಅಲ್ಲಿಗೇ ಹೋಗಿ ಎನ್ನುತ್ತೇನೆ. ಅಲ್ಲಿನ ಗ್ರಂಥಾಲಯ, ಸಹಪಾಠಿಗಳು, 1965ರಲ್ಲಿ ಶುರುವಾದ ರಕ್ಷಣಾ ಅಧ್ಯಯನ ಸಂಸ್ಥೆ ಐಡಿಎಸ್‌ಎ ಅದೇ ಊರಿನಲ್ಲಿರುವುದು, ಇವೆಲ್ಲ ಸೇರಿ ಆಗುವ ಲಾಭ ದೊಡ್ಡದು. ಬೆಂಗಳೂರಿನ ನಿಯಾಸ್ ಸಂಸ್ಥೆಯಲ್ಲೂ ಭದ್ರತಾ ಅಧ್ಯಯನ ನಡೆಯುತ್ತದೆ, ಅಲ್ಲಿನ ಉಪನ್ಯಾಸಗಳ ಮೇಲೆ ಕಣ್ಣಿಡಿ.

ಯಾರೂ ಹೇಳದ ಒಂದು ಸಲಹೆ ಕೊಡುತ್ತೇನೆ. ಒಂದು ನೆರೆಭಾಷೆ ಕಲಿಯಿರಿ. ಚೀನೀ ಕಲಿಯಲು ದೂರ ಹೋಗಬೇಕಾಗಬಹುದು, ಟಿಬೆಟನ್‌ಗೆ ಬೇಡ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ 1960ರ ದಶಕದ ಆರಂಭದಿಂದ ಟಿಬೆಟನ್ನರು ನೆಲೆಸಿದ್ದಾರೆ, ಅವರಲ್ಲಿ ಕನ್ನಡ ಬಲ್ಲವರು ಬೇಕಾದಷ್ಟು ಜನ. ನಮ್ಮ ಉತ್ತರದ ಗಡಿಯ ಊರು, ಕಣಿವೆ, ಹೊಳೆಗಳ ಹೆಸರುಗಳಲ್ಲಿ ಬಹಳಷ್ಟು ಆ ನುಡಿಯವೇ. ಕನ್ನಡ, ಟಿಬೆಟನ್ ಎರಡೂ ಬಲ್ಲ ಭದ್ರತಾ ಅಧ್ಯಯನಕಾರರನ್ನು ನಾನು ಈವರೆಗೆ ಕಂಡಿಲ್ಲ, ಕಾಣುವ ಆಸೆಯಿದೆ.

ಕೆಲಸದ ಮಾತು. ಈ ವಿಷಯದ್ದೇ ಹುದ್ದೆಗಳು ದೇಶದಲ್ಲಿ ಕಡಿಮೆ. ಕಾಲೇಜು ಅಧ್ಯಾಪಕ ಹುದ್ದೆಗೆ ಯುಜಿಸಿಯ ನೆಟ್ ಅರ್ಹತಾ ಪರೀಕ್ಷೆ ಪಾಸಾಗಬೇಕು, ಅದರಲ್ಲಿ ರಕ್ಷಣಾ ಮತ್ತು ವ್ಯೂಹಾತ್ಮಕ ಅಧ್ಯಯನ ಪ್ರತ್ಯೇಕ ವಿಷಯವಾಗಿಯೇ ಇದೆ. ಸಂಶೋಧನಾ ಸಂಸ್ಥೆಗಳಲ್ಲಿ ಮೊದಲು ಒಂದು, ಎರಡು ವರ್ಷದ ಗುತ್ತಿಗೆ, ಸಂಬಳ ಸಾಧಾರಣ. ವಿದೇಶಾಂಗ ಸೇವೆಗೆ ಯುಪಿಎಸ್‌ಸಿ ದಾರಿ, ಅದರ ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು, ಸಂದರ್ಶನವನ್ನೂ ಕನ್ನಡದಲ್ಲಿ ಕೊಡಬಹುದು. ಪತ್ರಿಕೆಗಳಲ್ಲಿ ರಕ್ಷಣಾ ವಿಷಯವನ್ನು ಓದಿಕೊಂಡು ಕನ್ನಡದಲ್ಲಿ ಬರೆಯುವವರ ಕೊರತೆ ಬಹಳವಿದೆ. ಮನೆಯವರು ಬಿ.ಇಡಿ. ಎಂದದ್ದನ್ನು ತಳ್ಳಿಹಾಕಬೇಡಿ. ಮೊದಲು ಎಂ.ಎ., ಅದು ಮುಗಿದ ವರ್ಷ ನೆಟ್ ಆಗದಿದ್ದರೆ ಬಿ.ಇಡಿ. ಎಂದು ಅಪ್ಪ ಅಮ್ಮನ ಜೊತೆ ಕೂತು ಮಾತಾಡಿ. ಅವರ ಭಯ ನ್ಯಾಯವಾದದ್ದು. ಹೈಸ್ಕೂಲ್ ಮೇಡಂ ಆಗಿದ್ದುಕೊಂಡು ಪಿಎಚ್.ಡಿ. ಮುಗಿಸಿದವರನ್ನು ನಾನು ಬಲ್ಲೆ.

ಈ ತಿಂಗಳು ಬೇರೇನೂ ಓದಬೇಡಿ. 1993ರ ಸೆಪ್ಟೆಂಬರ್ 7ರ ಭಾರತ–ಚೀನಾ ಒಪ್ಪಂದ ತೆಗೆಯಿರಿ, ಮೂರೋ ನಾಲ್ಕೋ ಪುಟವಿದೆ. ಅದರಲ್ಲಿ ‘ತಕ್ಕದ್ದು’ ಎಷ್ಟು ಕಡೆ ಬರುತ್ತದೆ, ರೇಖೆ ಎಲ್ಲಿದೆ ಎಂಬ ಬಗ್ಗೆ ಏನಿದೆ, ಏನಿಲ್ಲ ಎಂದು ಗುರುತು ಹಾಕಿ, ನಾಲ್ಕು ಪುಟ ಕನ್ನಡದಲ್ಲೇ ಬರೆದು ಈ ಅಂಕಣದ ವಿಳಾಸಕ್ಕೆ ಕಳಿಸಿ. ತಿದ್ದಿ ವಾಪಸು ಕಳಿಸುತ್ತೇನೆ.